ಒಂದು ಹನಿ ರಕ್ತದ ಚರಿತ್ರೆ

ಭಾವಿಕೇರಿಯ ನಮ್ಮ ಹಳೆಯ ಮನೆಯಲ್ಲಿ ಅಡಿಗೆಮನೆಗೂ ಕೊಟ್ಟಿಗೆಗೂ ನಡುವೆ ಇದ್ದುದು ಒಂದೇ ಮಣ್ಣಿನ ಗೋಡೆ. ರಾತ್ರಿ ದನ ಮೆಲುಕು ಹಾಕುವ ಸದ್ದು ಕೇಳುತ್ತಲೇ ನಾವು ನಿದ್ದೆ ಹೋಗುತ್ತಿದ್ದೆವು. ಸಂಜೆ ಹಾಲು ಕರೆಯುವ ಮುನ್ನ ಅವ್ವ ಹಸುವಿನ ಬಳಿ ಕುಳಿತು ಕಿವಿಯ ಬುಡ, ಕೆಚ್ಚಲಿನ ಸಂದು, ಬಾಲದ ಕೆಳಭಾಗ ಎಲ್ಲವನ್ನೂ ಕೈಯಿಂದ ತಡವಿ, ಕಚ್ಚಿಕೊಂಡಿದ್ದ ಉಣುಗುಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಹಾಕಿದ ತೆಂಗಿನ ಕರಟಕ್ಕೆ ಬಿಡುತ್ತಿದ್ದಳು. ಕರೆಯುವ ಹಸುಗಳಿಗೆ ಮಾತ್ರ ಈ ಉಪಚಾರ. ಕರುಗಳ ಮೈಮೇಲಿನವನ್ನು ಅವಳು ಅಷ್ಟಾಗಿ ಲಕ್ಷಿಸುತ್ತಿರಲಿಲ್ಲ. ಅದು ಜಾಣತನದಿಂದ ಮಾಡಿದ್ದೇನೂ ಅಲ್ಲ, ಪುರಸತ್ತಿರಲಿಲ್ಲ, ಅಷ್ಟೆ. ಆದರೆ ಆ ಮಾತಿಗೆ ಮತ್ತೆ ಬರಬೇಕಾಗಿದೆ.

1979ರ ಮೇ ತಿಂಗಳಲ್ಲಿ ಅಪ್ಪ ಸಾಲ ಮಾಡಿ ಘಟ್ಟದ ಮೇಲಿನಿಂದ ಒಂದು ಜರ್ಸಿ ಮಿಶ್ರತಳಿಯ ಹಸುವನ್ನು ತಂದರು. ಅರಬೈಲು ಘಟ್ಟವಿಳಿದು ಲಾರಿಯಲ್ಲಿ ಬಂದ ಆ ಹಸುವನ್ನು ನೋಡಲು ಕೇರಿಯ ಜನರೆಲ್ಲ ನೆರೆದಿದ್ದರು. ನಮ್ಮ ಕೊಟ್ಟಿಗೆಯಲ್ಲಿದ್ದ ಮೂರು ಗಿಡ್ಡ ದನಗಳು ಅದರ ಪಕ್ಕದಲ್ಲಿ ಕರುಗಳಂತೆ ಕಾಣುತ್ತಿದ್ದವು. ಅವು ಮೂರೂ ಕೂಡಿ ಕೊಡುತ್ತಿದ್ದುದಕ್ಕಿಂತ ಹೆಚ್ಚು ಹಾಲನ್ನು ಇದೊಂದೇ ಕೊಟ್ಟಿತು. ಸಿಮೆಂಟಿನ ನೆಲದ ಮೇಲೆ ಬೆಳೆದ ಹಸು ಅದು. ಮೈಯಲ್ಲಿ ಒಂದು ಉಣುಗು ಇರಲಿಲ್ಲವೆಂದು ಅವ್ವ ಅಚ್ಚರಿಪಟ್ಟಿದ್ದಳು. ಜೂನ್ ಕೊನೆಗೆ, ಮಳೆ ಹಿಡಿದ ಮೇಲೆ, ಅದು ಮೇವು ಬಿಟ್ಟಿತು. ಮೈ ಕೆಂಡದಂತೆ ಸುಡುತ್ತಿತ್ತು. ಎರಡನೆಯ ದಿನ ಉಚ್ಚೆ ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿತು. ಪಶುವೈದ್ಯರು ಮಳೆಯಲ್ಲಿ ಸೈಕಲ್ ತುಳಿದು ಬಂದು, ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಂಡು, ಸೂಜಿಮದ್ದು ಕೊಟ್ಟು ಹೋದರು. ಹೊತ್ತು ಮೀರಿತ್ತು. ಮೂರನೆಯ ದಿನ ಬೆಳಗಾಗುವುದರೊಳಗೆ ಹಸು ಸತ್ತಿತು.

ವಿಮೆಗೆ ಬೇಕಾದ ಸರ್ಟಿಫಿಕೇಟಿಗಾಗಿ ಅಪ್ಪನ ಜೊತೆ ನಾನೂ ದನಗಳ ದವಾಖಾನೆಗೆ ಹೋದೆ. ಆಗ ನಾನು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ಹುಡುಗ. ವೈದ್ಯರು ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕದತ್ತ ಕೈತೋರಿ, “ನೋಡು ತಮ್ಮ, ನಿಮ್ಮ ಹಸುವನ್ನು ಕೊಂದದ್ದು ಇದು” ಎಂದರು. ನಸುಗೆಂಪು ಬಿಲ್ಲೆಗಳಂತೆ ಹರಡಿಕೊಂಡಿದ್ದ ರಕ್ತಕಣಗಳ ನಡುವೆ ಕೆಲವದರ ಒಳಗೆ ನೇರಿಳೆ ಬಣ್ಣದ ಎರಡು ಪುಟ್ಟ ಹನಿಗಳು, ಚೂಪು ತುದಿಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ಅವಳಿ ಮಕ್ಕಳಂತೆ ಮಲಗಿದ್ದವು. ಬೆಬೆಸಿಯಾ ಎಂಬ ಏಕಕೋಶದ ಪರೋಪಜೀವಿ. ಉಣುಗಿನ ಎಂಜಲಿನೊಡನೆ ದನದ ರಕ್ತಕ್ಕೆ ಇಳಿಯುತ್ತದೆ, ಕೆಂಪುಕಣಗಳೊಳಗೆ ಹೊಕ್ಕು ಎರಡಾಗಿ ಅವನ್ನು ಒಡೆಯುತ್ತದೆ, ಒಡೆದ ರಕ್ತದ ಬಣ್ಣವೇ ಉಚ್ಚೆಯಲ್ಲಿ ಬರುತ್ತದೆ ಎಂದು ವೈದ್ಯರು ವಿವರಿಸಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಅದೇ ಕೊಟ್ಟಿಗೆ, ಅದೇ ಉಣುಗು; ನಮ್ಮ ಮೂರು ದನಗಳಿಗೆ ಯಾಕೆ ಏನೂ ಆಗಲಿಲ್ಲ? ವೈದ್ಯರು ನಕ್ಕು, “ಅವುಗಳ ರಕ್ತದಲ್ಲಿಯೂ ಇದು ಇದ್ದೀತು” ಎಂದರು.

ಆ ಉತ್ತರ ಅಪ್ಪನಿಗೆ ಹಿಡಿಸಲಿಲ್ಲ. ಹಸುವಿಗೆ ದೃಷ್ಟಿ ತಾಗಿತೆಂದೇ ಅವರು ಕೊನೆಯವರೆಗೂ ನಂಬಿದ್ದರು. ಬೇರೆ ನೆಲದ ದನಕ್ಕೆ ನಮ್ಮ ನೆಲ ಒಗ್ಗಲಿಲ್ಲ ಎಂಬುದು ಅವ್ವನ ಮಾತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ಆ ಅವಳಿ ಹನಿಗಳ ಚರಿತ್ರೆಯನ್ನು ಅಲ್ಲಿ ಇಲ್ಲಿ ಓದುತ್ತ ಬಂದ ಹಾಗೆ, ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದು ನೂರು ವರ್ಷಗಳ ಹಿಂದೆ ಅಮೆರಿಕೆಯ ಬಯಲುಗಳಲ್ಲಿ ಲಕ್ಷಗಟ್ಟಲೆ ದನಗಳಿಗೆ ನಡೆದದ್ದೇ ಎಂದು ತಿಳಿಯಿತು.

ಅಮೆರಿಕೆಯ ದಕ್ಷಿಣದಲ್ಲಿರುವ ಟೆಕ್ಸಾಸ್ ಪ್ರಾಂತದ ಉದ್ದಕೊಂಬಿನ ದನಗಳನ್ನು ಅಲ್ಲಿಯ ವ್ಯಾಪಾರಿಗಳು ಉತ್ತರದ ಪೇಟೆಗಳಿಗೆ ಅಟ್ಟಿಕೊಂಡು ಹೋಗುತ್ತಿದ್ದರು. ಆ ದನಗಳು ತಾವು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಆದರೆ ಅವು ನಡೆದ ದಾರಿಯಲ್ಲಿ, ಅವು ಮೇದು ಹೋದ ಹುಲ್ಲುಗಾವಲಿನಲ್ಲಿ, ಕೆಲವು ವಾರಗಳ ಅನಂತರ ಉತ್ತರದ ದನಗಳು ಕೆಂಪು ಉಚ್ಚೆ ಹೊಯ್ದು ಸಾಯುತ್ತಿದ್ದವು. 1868ರಲ್ಲಿ ಈ ಪಿಡುಗು ಅತಿಯಾಗಿ, ದಕ್ಷಿಣದ ದನ ಬರಕೂಡದೆಂದು ಉತ್ತರದವರು ಬಂದೂಕು ಹಿಡಿದು ಗಡಿಯಲ್ಲಿ ನಿಂತದ್ದೂ ಉಂಟು. ಉಣುಗಿನಿಂದಲೇ ಈ ರೋಗವೆಂದು ದನಗಾಹಿಗಳು ಹೇಳುತ್ತಿದ್ದರು, ಬಲ್ಲವರು ನಗುತ್ತಿದ್ದರು. ನಗದೆ ಕೇಳಿಸಿಕೊಂಡವನು ಥಿಯೊಬಾಲ್ಡ್ ಸ್ಮಿತ್ ಎಂಬ ತರುಣ ವೈದ್ಯ. ಅವನು ಪಶುವೈದ್ಯ ಕಿಲ್ಬೋರ್ನನೊಡನೆ ವಾಷಿಂಗ್ಟನ್ನಿನ ಬಳಿ ಹೊಲಗಳಿಗೆ ಬೇಲಿ ಹಾಕಿ ಪ್ರಯೋಗಕ್ಕೆ ತೊಡಗಿದ. ಒಂದು ಹೊಲದಲ್ಲಿ ಉಣುಗು ಸಹಿತವಾದ ದಕ್ಷಿಣದ ದನಗಳೊಡನೆ ಉತ್ತರದ ದನಗಳನ್ನು ಬಿಟ್ಟರು. ಇನ್ನೊಂದರಲ್ಲಿ ದಕ್ಷಿಣದ ದನಗಳ ಮೈಯಿಂದ ಉಣುಗುಗಳನ್ನು ಕೈಯಿಂದಲೇ ಒಂದೊಂದಾಗಿ ಕಿತ್ತು, ಆಮೇಲೆ ಉತ್ತರದವುಗಳ ಜೊತೆಗೆ ಬಿಟ್ಟರು. ಮತ್ತೊಂದು ಹೊಲದಲ್ಲಿ ದಕ್ಷಿಣದ ದನವೇ ಇಲ್ಲದೆ ಬರಿಯ ಉಣುಗುಗಳನ್ನು ಹುಲ್ಲಿನ ಮೇಲೆ ಚೆಲ್ಲಿದರು. ಉಣುಗಿದ್ದಲ್ಲಿ ಸಾವು; ಉಣುಗಿಲ್ಲದಲ್ಲಿ ಸುಖ. ತಾಯಿ ಉಣುಗು ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆಯಿಟ್ಟು ಸಾಯುತ್ತದೆ. ಆ ಮೊಟ್ಟೆಯೊಡೆದು ಬಂದ, ಹಿಂದೆ ಯಾವ ದನವನ್ನೂ ಕಚ್ಚಿರದ ಮರಿಗಳೂ ರೋಗವನ್ನು ಹೊತ್ತಿದ್ದವು. ಬೇನೆಗೊಂಡ ದನಗಳ ರಕ್ತದಲ್ಲಿ ಸ್ಮಿತ್ ಕಂಡದ್ದು ನಾನು ಅಂಕೋಲೆಯಲ್ಲಿ ಕಂಡ ಆ ಅವಳಿ ಹನಿಗಳನ್ನೇ. 1893ರಲ್ಲಿ ಪ್ರಕಟವಾದ ಅವರ ವರದಿಯಿಂದ, ಪ್ರಾಣಿಯಿಂದ ಪ್ರಾಣಿಗೆ ಒಂದು ಕ್ಷುದ್ರ ಕೀಟ ರೋಗ ಒಯ್ಯಬಲ್ಲುದೆಂಬುದಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಿತು. ಉಣುಗು ಕೀಟವಲ್ಲ, ಜೇಡದ ಬಳಗದ್ದು ಎಂದು ಪ್ರಾಣಿಶಾಸ್ತ್ರದ ಸ್ನೇಹಿತರು ತಿದ್ದಿಯಾರು, ಇರಲಿ. ಕರಟ ಹಿಡಿದು ಕುಳಿತ ಅವ್ವನ ಕೈಗೂ ಆ ಹೊಲದಲ್ಲಿ ಉಣುಗು ಕಿತ್ತ ಕೈಗೂ ಇರುವ ಹೋಲಿಕೆ ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಸಂಗತಿ.

ರಕ್ತದಲ್ಲಿ ಒಂದು ಜೀವಿ ಕಂಡಿತೆಂದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣವೆಂದು ಒಪ್ಪುವುದು ಆ ಕಾಲಕ್ಕೆ ಸುಲಭವಾಗಿರಲಿಲ್ಲ. ಸ್ಮಿತ್ತನಿಗಿಂತ ಹದಿಮೂರು ವರ್ಷ ಮುಂಚೆ, 1880ರಲ್ಲಿ, ನಮ್ಮ ದೇಶದ ವಾಯವ್ಯ ಗಡಿಯಲ್ಲಿದ್ದ, ಇಂದು ಪಾಕಿಸ್ತಾನಕ್ಕೆ ಸೇರಿದ ಡೇರಾ ಇಸ್ಮಾಯಿಲ್ ಖಾನದಲ್ಲಿ ಈ ಜಗಳ ನಡೆದಿತ್ತು. ಸೈನ್ಯದ ಕುದುರೆಗಳೂ ಒಂಟೆಗಳೂ ‘ಸರ್ರಾ’ ಎಂಬ ಬೇನೆಯಿಂದ ಸೊರಗಿ ಸಾಯುತ್ತಿದ್ದವು. ತಪಾಸಣೆಗೆ ಹೋದ ಗ್ರಿಫಿತ್ ಇವಾನ್ಸ್ ಎಂಬ ವೇಲ್ಸ್ ದೇಶದ ಪಶುವೈದ್ಯ ಅವುಗಳ ರಕ್ತದಲ್ಲಿ ಹಾವಿನಂತೆ ಹೊರಳಾಡುವ ಜೀವಿಗಳನ್ನು ಕಂಡ. ಬೇನೆಯ ಪ್ರಾಣಿಯ ರಕ್ತವನ್ನು ಆರೋಗ್ಯದ ಪ್ರಾಣಿಗೆ ಹಾಕಿ, ಅದಕ್ಕೂ ಬೇನೆ ಬರುವುದನ್ನು ತೋರಿಸಿದ. ಆದರೆ ಕಲಕತ್ತೆಯಲ್ಲಿ ಟಿಮೊಥಿ ಲೂಯಿಸ್ ಎಂಬ ಹೆಸರಾಂತ ವಿಜ್ಞಾನಿ ಅಂಥದೇ ಜೀವಿಗಳನ್ನು ಆರೋಗ್ಯದಿಂದಿರುವ ಇಲಿಗಳ ರಕ್ತದಲ್ಲಿ ಅದಾಗಲೇ ಕಂಡಿದ್ದ. ಇಲಿಗೆ ಏನೂ ಮಾಡದ್ದು ಕುದುರೆಯನ್ನು ಕೊಲ್ಲುವುದು ಹೇಗೆ? ರೋಗದ ರಕ್ತದಲ್ಲಿ ಈ ಜೀವಿ ಸುಮ್ಮನೆ ಬಂದು ನೆಲೆಸಿದೆ ಎಂದು ದೊಡ್ಡವರು ತೀರ್ಪಿತ್ತರು. ಇವಾನ್ಸನ ಮಾತು ನಿಜವೆಂದು ಲೋಕ ಒಪ್ಪಲು ವರ್ಷಗಳು ಹಿಡಿದವು. ಅವನು ನೂರು ವರ್ಷ ಬದುಕಿ 1935ರಲ್ಲಿ ತೀರಿಕೊಂಡುದರಿಂದ ಆ ಒಪ್ಪಿಗೆಯನ್ನು ಕಣ್ಣಾರೆ ಕಂಡ. ಎಲ್ಲ ಸಂಶೋಧಕರಿಗೂ ಈ ಭಾಗ್ಯವಿಲ್ಲ. ಅವನ ಹೆಸರನ್ನು ಆ ಜೀವಿಗೆ 1885ರಲ್ಲಿ ಇಟ್ಟವನು ಜಾನ್ ಸ್ಟೀಲ್. ಮರುವರ್ಷ ಮುಂಬಯಿಯ ಪಶುವೈದ್ಯ ಕಾಲೇಜನ್ನು ಕಟ್ಟಿದವನೂ ಅವನೇ.

ಮುಂಬಯಿಯ ಮಾತು ನಮ್ಮ ಜಿಲ್ಲೆಗೆ ಹೊರಗಿನದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. 1889ರಲ್ಲಿ ಸರಕಾರ ಪಶುರೋಗಗಳ ಸಂಶೋಧನೆಗೆಂದು ದೇಶದ ಮೊದಲ ಪ್ರಯೋಗಾಲಯವನ್ನು ತೆರೆದದ್ದು ಇದೇ ಪ್ರಾಂತದ ಪುಣೆಯಲ್ಲಿ. ಅದರ ಮುಖ್ಯಸ್ಥನಾಗಿ ಬಂದ ಆಲ್ಫ್ರೆಡ್ ಲಿಂಗಾರ್ಡ್ ಕೈಗೆತ್ತಿಕೊಂಡ ರೋಗಗಳಲ್ಲಿ ಸರ್ರಾ ಒಂದು. ಪ್ರಯೋಗಾಲಯ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿದ್ದ ಶೀದರ್ ಎಂಬಾತ 1919ರಲ್ಲಿ ಎಮ್ಮೆಯ ರಕ್ತದಲ್ಲಿ ಮಲೇರಿಯಾ ಜಾತಿಯ ಪರೋಪಜೀವಿಯೊಂದನ್ನು ವರ್ಣಿಸಿದ್ದಾನೆ. ಎಮ್ಮೆಗೂ ಅದರದೇ ಮಲೇರಿಯಾ ಉಂಟೆಂಬುದು ನನ್ನ ಮಟ್ಟಿಗಂತೂ ಹೊಸ ಸುದ್ದಿ.

ಮನುಷ್ಯನ ಮಲೇರಿಯಾದ ಗುಟ್ಟು ಸಹ ಪೂರ್ತಿಯಾಗಿ ಬಿಚ್ಚಿಕೊಂಡದ್ದು ಪ್ರಾಣಿಯ ಮೂಲಕವೇ. ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದವನು. ನೀಲಗಿರಿಯ ಸಿಗೂರು ಘಟ್ಟದಲ್ಲಿ ಸೊಳ್ಳೆ ಹುಡುಕುತ್ತ ತಾನೇ ಜ್ವರ ಹಿಡಿಸಿಕೊಂಡವನು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಅವನಿಗೆ ಆ ಜೀವಿ ಕಂಡ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಹೊಟ್ಟೆಯಿಂದ ಅದು ಮತ್ತೆ ರಕ್ತಕ್ಕೆ ಹೋಗುವ ದಾರಿ ಇನ್ನೂ ತಿಳಿದಿರಲಿಲ್ಲ. ಮರುವರ್ಷ ಕಲಕತ್ತೆಯಲ್ಲಿ ಪ್ಲೇಗಿನ ಚುಚ್ಚುಮದ್ದಿನ ಭಯ. ಬೆರಳು ಚುಚ್ಚಿಸಿಕೊಳ್ಳಲು ಜನ ಒಪ್ಪರು. ರಾಸ್ ಗುಬ್ಬಿಗಳನ್ನು ಹಿಡಿದ. ಗುಬ್ಬಿಯ ಮಲೇರಿಯಾ ಸೊಳ್ಳೆಯ ಎಂಜಲಿನ ಗ್ರಂಥಿಯನ್ನು ಸೇರಿ, ಕಚ್ಚಿದಾಗ ಇನ್ನೊಂದು ಗುಬ್ಬಿಗೆ ಇಳಿಯುವುದನ್ನು 1898ರ ಜುಲೈಯಲ್ಲಿ ಕಂಡ.

ಈ ಜ್ಞಾನ ನಮ್ಮ ಜಿಲ್ಲೆಯ ಹಳ್ಳಿಗಳನ್ನು ತಲುಪಲು ಅರ್ಧ ಶತಮಾನ ಬೇಕಾಯಿತು. ಯಲ್ಲಾಪುರ, ಸೂಪಾ, ಸಿದ್ದಾಪುರಗಳೆಂದರೆ ಹಿಂದೆ ಅಧಿಕಾರಿಗಳಿಗೆ ಎದೆ ನಡುಗುತ್ತಿತ್ತು. ಅಲ್ಲಿಗೆ ವರ್ಗವಾಗುವುದು ಶಿಕ್ಷೆಯೆಂದೇ ಲೆಕ್ಕ. 1901ರಲ್ಲಿ ನಾಲ್ಕೂವರೆ ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ನಾಲ್ಕು ಲಕ್ಷದ ಹತ್ತಿರಕ್ಕೆ ಇಳಿಯಿತು. ಪ್ಲೇಗೂ 1918ರ ಇನ್‌ಫ್ಲುಯೆಂಜಾವೂ ಇದರಲ್ಲಿ ಪಾಲುಗಾರರು ನಿಜ. ಆದರೆ ವರ್ಷ ವರ್ಷವೂ ತಪ್ಪದೆ ಬಂದು ಮನೆ ಬರಿದು ಮಾಡುತ್ತಿದ್ದುದು ಚಳಿಜ್ವರ. ಘಟ್ಟದ ತೊರೆಗಳ ಅಂಚಿನಲ್ಲಿ, ತೋಟದ ಕಾಲುವೆಗಳಲ್ಲಿ, ಮೆಲ್ಲನೆ ಹರಿಯುವ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಇಲ್ಲಿಯ ಜ್ವರವಾಹಿನಿ. ಬಯಲುನಾಡಿನ ಬೇರೊಂದು ಸೊಳ್ಳೆ ಹೆಚ್ಚಾಗಿ ದನದ ರಕ್ತವನ್ನು ಕುಡಿಯುತ್ತದೆ. ಅಂಥಲ್ಲಿ ಕೊಟ್ಟಿಗೆ ಮನೆಗೊಂದು ತಡೆಯಾಗಿಯೂ ನಿಲ್ಲಬಹುದು. ನಮ್ಮ ಘಟ್ಟದ ಸೊಳ್ಳೆಗೆ ಬೇಕಾದದ್ದು ಮನುಷ್ಯನ ರಕ್ತ. ದನ ತುಂಬಿದ ಕೊಟ್ಟಿಗೆಯನ್ನು ದಾಟಿ ಅದು ಒಳಗೆ ಬರುತ್ತದೆ, ಕಚ್ಚಿ ಅಲ್ಲಿಯೇ ಗೋಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ.

ಆ ಕೂರುವ ಚಟವೇ ಅದಕ್ಕೆ ಮುಳುವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಡಿ.ಡಿ.ಟಿ. ದೊರೆಯತೊಡಗಿದಾಗ, ಮುಂಬಯಿ ಪ್ರಾಂತದ ಮಲೇರಿಯಾ ಶಾಖೆಯ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರರಾವ್ ಅವರು 1945-46ರಿಂದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಗೋಡೆಗಳಿಗೆ ಅದನ್ನು ಸಿಂಪಡಿಸಿ ನೋಡಿದರು. ಹಳ್ಳಿಗಾಡಿನ ಮಲೇರಿಯಾದ ಮೇಲೆ ಡಿ.ಡಿ.ಟಿ. ಬಳಸಿದ ದೇಶದ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೊಂದು. ಕೆಲವೇ ವರ್ಷಗಳಲ್ಲಿ ಜ್ವರ ಇಳಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಬೆನ್ನ ಹಿಂದೆ ನಮ್ಮ ಜಿಲ್ಲೆಯ ಈ ಅನುಭವವಿತ್ತು. ಸೊಳ್ಳೆ ಆ ವಿಷಕ್ಕೆ ಒಗ್ಗಿಕೊಂಡದ್ದು, 1976ರಲ್ಲಿ ದೇಶದಾದ್ಯಂತ ಅರವತ್ತು ಲಕ್ಷಕ್ಕೂ ಮಿಕ್ಕಿ ಜನರಿಗೆ ಜ್ವರ ಮರಳಿದ್ದು ಬೇರೆಯೇ ಒಂದು ಕಥೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಘಟ್ಟದ ಜ್ವರ ಹೊಸಬರನ್ನು ಕೆಡವುತ್ತದೆ, ಅಲ್ಲಿಯವರನ್ನು ಮುಟ್ಟುವುದಿಲ್ಲ ಎಂಬ ಮಾತು ಹಿಂದೆ ಚಾಲ್ತಿಯಲ್ಲಿತ್ತು. ಬಂದ ಗುಮಾಸ್ತ, ಬಂದ ಕೂಲಿ ಹಾಸಿಗೆ ಹಿಡಿದಾಗ ಕಾಡಿನವನು ಕತ್ತಿ ಹಿಡಿದು ನಡೆದಾಡುತ್ತಿದ್ದುದು ಸುಳ್ಳಲ್ಲ. ಆದರೆ ಅವನು ಆ ಬಲವನ್ನು ಗಳಿಸಿದ್ದು ಎಳವೆಯಲ್ಲಿ ಮತ್ತೆ ಮತ್ತೆ ಜ್ವರ ಬಂದು ಬದುಕಿ ಉಳಿದುದರಿಂದ. ಉಳಿಯದ ಅವನ ಅಣ್ಣತಮ್ಮಂದಿರನ್ನು ಯಾರೂ ಎಣಿಸಲಿಲ್ಲ. ಆ ದಿನಗಳಲ್ಲಿ ವೈದ್ಯರು ಊರಿನ ಜ್ವರವನ್ನು ಅಳೆಯುತ್ತಿದ್ದುದು ಮಕ್ಕಳ ಹೊಟ್ಟೆ ಮುಟ್ಟಿ, ಊದಿದ ಗುಲ್ಮವನ್ನು ಎಣಿಸಿ. ನೆಲಕ್ಕೆ ಒಗ್ಗಿದವರು ಎಂದು ನಾವು ಮೆಚ್ಚಿ ಆಡುವ ಮಾತಿನ ಹಿಂದೆ ಈ ಎಣಿಕೆಯಿದೆ.

ನನ್ನ ಅವ್ವನ ಮಾತಿಗೆ ಶಾಸ್ತ್ರದ ಬೆಂಬಲ ದೊರೆತದ್ದು ಆಸ್ಟ್ರೇಲಿಯದಿಂದ. ಅಲ್ಲಿಗೆ ಉಣುಗು ಹೋದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಜಾವಾ ಕಡೆಯಿಂದ ಬಂದ ದನಗಳ ಮೈಮೇಲೆ. ಆ ಜಾತಿಯ ಉಣುಗಿನ ಮೂಲ ತವರು ಭಾರತ ಮತ್ತು ಅದರ ಪೂರ್ವದ ನಾಡುಗಳ ಕಾಡುಗಳೆಂದು ಬಲ್ಲವರ ಅಭಿಪ್ರಾಯ. ಅಲ್ಲಿಯ ಮಹೋನಿ ಎಂಬ ಸಂಶೋಧಕ 1970ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇಷ್ಟು: ಉಣುಗು ಸಾಕಷ್ಟಿರುವ ಊರಿನಲ್ಲಿ ಪ್ರತಿ ಕರುವಿಗೂ ಮೊದಲ ತಿಂಗಳುಗಳಲ್ಲಿಯೇ ಬೆಬೆಸಿಯಾ ತಗಲುತ್ತದೆ. ಆಗ ಅದರ ಮೈಯಲ್ಲಿ ತಾಯಿಯ ಗಿಣ್ಣುಹಾಲಿನ ರಕ್ಷಣೆಯಿರುತ್ತದೆ, ಎಳೆಗರುವಿಗೆ ಹುಟ್ಟಿನಿಂದ ಬಂದ ತಾಳಿಕೆಯೂ ಇರುತ್ತದೆ. ಬೇನೆ ಕಂಡೂ ಕಾಣದಂತೆ ಸರಿದುಹೋಗುತ್ತದೆ. ಪರೋಪಜೀವಿ ರಕ್ತದಲ್ಲಿ ಬಹುಕಾಲ ಉಳಿದು, ದನವನ್ನು ಕೊಲ್ಲದೆ, ಎರಡನೆಯ ದಾಳಿಯನ್ನು ತಡೆಯುವ ಎಚ್ಚರವನ್ನು ಅದರ ಮೈಗೆ ಕಲಿಸುತ್ತದೆ. ಉಣುಗನ್ನು ಅರೆಬರೆ ನಾಶ ಮಾಡಿದ ಊರಿನಲ್ಲಿ, ಇಲ್ಲವೆ ಉಣುಗಿಲ್ಲದ ಊರಿಂದ ದೊಡ್ಡ ದನ ತಂದಾಗ, ಈ ಒಪ್ಪಂದ ಮುರಿಯುತ್ತದೆ. ನಮ್ಮ ಗಿಡ್ಡ ದನಗಳಿಗೆ ತಳಿಯಿಂದಲೇ ಬಂದ ಗಟ್ಟಿತನವೂ ಉಂಟು. ಮಲೆನಾಡು ಗಿಡ್ಡವೆಂಬ ಹೆಸರಿನಲ್ಲಿ ಇಂದು ಅದು ದೇಶದ ಮಾನ್ಯತೆ ಪಡೆದ ತಳಿ. ಆದರೆ ಪುರಸತ್ತಿಲ್ಲದ ಅವ್ವ ಕರುಗಳ ಮೈಮೇಲೆ ಬಿಟ್ಟ ಉಣುಗುಗಳೂ ತಮ್ಮ ಪಾಲಿನ ಕೆಲಸ ಮಾಡಿದ್ದವೆಂದು ಈಗ ನನಗನಿಸುತ್ತದೆ. ಸಿಮೆಂಟಿನ ನೆಲದ ಮೇಲೆ ಬೆಳೆದ ಜರ್ಸಿಗೆ ಆ ಎಳವೆಯ ಪಾಠವಿರಲಿಲ್ಲ. ಸಾಲದ ಕಾಗದದಲ್ಲಿ ಹಾಲಿನ ಲೆಕ್ಕವಿತ್ತು, ಈ ಲೆಕ್ಕವಿರಲಿಲ್ಲ.

ಪ್ರಾಣಿಯ ರೋಗ ಪ್ರಾಣಿಗೆ, ಮನುಷ್ಯನದು ಮನುಷ್ಯನಿಗೆ ಎಂಬ ನಮ್ಮ ನೆಮ್ಮದಿ ಎಷ್ಟು ತೆಳುವಾದದ್ದೆಂದು ತೋರಿಸಿದ ಒಂದು ಸಂಗತಿಯನ್ನು ಹೇಳದೆ ಈ ಭಾಷಣ ಪೂರ್ತಿಯಾಗದು. ಮಂಗಗಳಿಗೂ ಅವುಗಳದೇ ಮಲೇರಿಯಾ ಉಂಟು. ನೀಲಗಿರಿಯ ಮಂಗಗಳಲ್ಲಿ ಅದನ್ನೂ ಅದನ್ನು ಒಯ್ಯುವ ಸೊಳ್ಳೆಯನ್ನೂ 1960ರ ದಶಕದ ಆರಂಭದಲ್ಲಿಯೇ ಗುರುತಿಸಿದ್ದರು. ಮಲೇಶಿಯದಲ್ಲಿ ಅಂಥದೊಂದು ಮಲೇರಿಯಾ ಜನರಲ್ಲಿ ಹರಡಿರುವುದು 2004ರಲ್ಲಿ ಬೆಳಕಿಗೆ ಬಂತು. (ನಮ್ಮ ಕಡೆ ಮಂಗನ ಕಾಯಿಲೆ ಎನ್ನುವುದು ಬೇರೆ, 1957ರಲ್ಲಿ ಕ್ಯಾಸನೂರಿನಲ್ಲಿ ಕಂಡ ಅದು ವೈರಸ್ಸಿನದು. ಆದರೆ ಅಲ್ಲಿಯೂ ದೂತ ಉಣುಗೇ.) ನಾನು ಹೇಳಹೊರಟದ್ದು ಅದೇ 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನ ಮಾತು. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ. ರಕ್ತ ನೋಡಿದರೆ ಅದರಲ್ಲಿ ಇವಾನ್ಸನ ಸರ್ರಾ ಜೀವಿ! ಕುದುರೆ, ಒಂಟೆ, ಎಮ್ಮೆಗಳ ಬೇನೆ; 2000ದಲ್ಲಿ ಒಡಿಶಾದ ನಂದನಕಾನನದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳನ್ನು ಕೊಂದ ಬೇನೆ. ಮನುಷ್ಯನಿಗೆ ಅದು ತಗಲದೆಂಬುದು ನೂರಿಪ್ಪತ್ತು ವರ್ಷಗಳ ನಂಬಿಕೆ. ವಿದೇಶದ ಪ್ರಯೋಗಾಲಯಗಳು ಆ ರೈತನ ರಕ್ತವನ್ನು ಶೋಧಿಸಿದಾಗ ಕಾರಣ ತಿಳಿಯಿತು. ನಮ್ಮೆಲ್ಲರ ರಕ್ತದಲ್ಲಿ ಸರ್ರಾ ಜೀವಿಯನ್ನು ಕರಗಿಸಿ ಕೊಲ್ಲುವ ಒಂದು ಪ್ರೋಟೀನು ಇರುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಬಂದ ಅದರ ಬೀಜಾಕ್ಷರಗಳೆರಡೂ ಕೆಟ್ಟಿದ್ದುದರಿಂದ ಆತನಲ್ಲಿ ಅದು ತಯಾರಾಗುತ್ತಲೇ ಇರಲಿಲ್ಲ. ಸುರಾಮಿನ್ ಎಂಬ ಹಳೆಯ ಔಷಧದಿಂದ ಆತ ಗುಣಹೊಂದಿದ. ಊರಿನ ಉಳಿದವರನ್ನು ಪರೀಕ್ಷಿಸಿದರು. ಯಾರ ರಕ್ತದಲ್ಲಿಯೂ ಆ ಜೀವಿ ಕಾಣಲಿಲ್ಲ. ಕೊಟ್ಟಿಗೆಗೂ ಅಡಿಗೆಮನೆಗೂ ನಡುವಿನ ಗೋಡೆ ಆ ಊರಿನಲ್ಲಿ ಒಂದು ಪ್ರೋಟೀನಿನದಾಗಿತ್ತು; ಒಬ್ಬನ ಮನೆಯಲ್ಲಿ ಮಾತ್ರ ಅದು ಬಿದ್ದಿತ್ತು.

ಇಂದು ಸರ್ರಾ ರೋಗವನ್ನು ಪತ್ತೆಹಚ್ಚುವ ಪರೀಕ್ಷೆಗಳ ಮೇಲೆ ಬೆಂಗಳೂರಿನ ಯಲಹಂಕದ ನಿವೇದಿ ಎಂಬ ಪಶುರೋಗ ಸಂಶೋಧನ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಕೆಂಪು ಉಚ್ಚೆಯ ಬೇನೆಗೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ಕೆಲಸ ಮಾಡುವ ಮದ್ದುಗಳಿವೆ, 1979ರಲ್ಲಿಯೂ ಇದ್ದವು. ನಮಗೆ ತಪ್ಪಿದ್ದು ಎರಡು ದಿನ.

ವಿಮೆಯ ಹಣ ಬರಲಿಲ್ಲ. ಹಸುವಿನ ಕಿವಿಗೆ ಹಾಕಿದ್ದ ಬಿಲ್ಲೆಯನ್ನು ಒಪ್ಪಿಸಬೇಕೆಂದರು. ಅದು ಎಲ್ಲಿ ಬಿದ್ದುಹೋಗಿತ್ತೋ, ಮಳೆಯಲ್ಲಿ ಕೊಟ್ಟಿಗೆಯ ಗೊಬ್ಬರವನ್ನೆಲ್ಲ ಕೆದಕಿದರೂ ಸಿಕ್ಕಲಿಲ್ಲ. ಸಾಲದ ಕೊನೆಯ ಕಂತು ತೀರಿದ್ದು 1984ರಲ್ಲಿ. ಅಷ್ಟರೊಳಗೆ ಗಿಡ್ಡ ದನಗಳಲ್ಲಿ ಹಿರಿಯಳಾದ ಕಪಿಲೆ ಮೂರು ಬಾರಿ ಈದಿದ್ದಳು.